ಫೋಟೋದಲ್ಲಿ ಇಲ್ಲದವನು: ಕೈಮರದಾಚೆಯ ಒಂದು ಕ್ಯಾಮೆರಾ ಕಂಬದ ಲೆಕ್ಕ

ನಾನು ಚಿಕ್ಕಮಗಳೂರಿನಲ್ಲಿ ಅಂಗಡಿಗಳ, ಹೋಂಸ್ಟೇಗಳ ಲೆಕ್ಕ ಬರೆಯುವವನು. "ಹೊಸ ಐಡಿಯಾ ಇದೆ" ಅಂತ ಯಾರಾದರೂ ಬಂದರೆ ನನ್ನ ಕೈ ತಾನಾಗಿಯೇ ಕ್ಯಾಲ್ಕುಲೇಟರ್ ಕಡೆ ಹೋಗುತ್ತದೆ. 2024ರ ಜೂನ್‌ನ ಒಂದು ರಾತ್ರಿ, ಮಳೆಯಲ್ಲಿ ನೆನೆದುಕೊಂಡು ಬಂದವನು ನಮ್ಮ ಅಣ್ಣನ ಮಗ. ಬೆಂಗಳೂರಿನಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಸಾಕಾಗಿ ಊರಿಗೆ ಬಂದಿದ್ದ. ಕೂತವನೇ ಫೋನ್ ತೆಗೆದು ಒಂದು ಸೆಲ್ಫಿ ತೋರಿಸಿದ. ಮುಳ್ಳಯ್ಯನಗಿರಿಯ ಮೇಲೆ ಅವನ ಮೂವರು ಗೆಳೆಯರು.

"ಚಿಕ್ಕಪ್ಪ, ಇದರಲ್ಲಿ ಗುಡ್ಡ ಎಲ್ಲಿದೆ ಹೇಳಿ."

ಹುಡುಕಿದೆ. ಒಬ್ಬನ ಕಿವಿಯ ಪಕ್ಕ ಹಸಿರು ಬಣ್ಣದ ಒಂದು ಚೂರು ಕಾಣಿಸಿತು. ಕರ್ನಾಟಕದ ಅತಿ ಎತ್ತರದ ಶಿಖರ, 1,930 ಮೀಟರ್, ಕಿವಿಯ ಹಿಂದೆ ಅಡಗಿ ಕೂತಿತ್ತು. ಕೈ ಚಾಚಿದರೆ ಎರಡಡಿ ದೂರ. ಅಷ್ಟು ಹತ್ತಿರದಿಂದ ತೆಗೆದರೆ ಮುಖ ತುಂಬಿಕೊಳ್ಳುತ್ತದೆ, ಮಿಕ್ಕಿದ್ದಕ್ಕೆ ಜಾಗ ಇರುವುದಿಲ್ಲ.

ಅವನ ಯೋಚನೆ ಸರಳವಾಗಿತ್ತು. ಚೆನ್ನಾಗಿ ಕಾಣುವ ಕಡೆ ಒಂದು ಕಂಬ. ಅದರಲ್ಲಿ ಕ್ಯಾಮೆರಾ. ನೆಲದ ಮೇಲೆ ಪಾದದ ಗುರುತು. ಜನ ಬಂದು ಅದರ ಮೇಲೆ ನಿಲ್ಲುತ್ತಾರೆ, ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಹಾಕುತ್ತಾರೆ, ಮೂರು ಎಣಿಸುವಷ್ಟರಲ್ಲಿ ಕ್ಲಿಕ್. ಫೋಟೋ ಅವರ ಫೋನಿಗೆ ಬರುತ್ತದೆ. ನೋಡಿಕೊಳ್ಳಲು ಯಾರೂ ಬೇಡ.

"ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲೋ. ದುಡ್ಡು ಕೊಟ್ಟು ಯಾರು ತೆಗೆಸಿಕೊಳ್ತಾರೆ?" ಅಂದೆ.

ಅವನು ಎದ್ದು ಹೋಗಿ ಬೀರುವಿನಿಂದ ನಮ್ಮ ಹಳೇ ಆಲ್ಬಂ ತಂದ. 1986ರಲ್ಲಿ ಮನೆಯವರೆಲ್ಲ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ಯಾರದ್ದೋ ಕ್ಯಾಮೆರಾ ಕಡ ತಂದಿದ್ದರು ಅಪ್ಪ. ಹದಿನಾಲ್ಕು ಫೋಟೋ ಇದೆ. ಅಮ್ಮ, ಅಣ್ಣ, ನಾನು, ಅತ್ತೆ, ಅತ್ತೆಯ ಮಕ್ಕಳು, ಡ್ರೈವರ್ ಸಹ. ಅಪ್ಪ ಒಂದರಲ್ಲೂ ಇಲ್ಲ. ಒಂದರಲ್ಲಿ ಮಾತ್ರ ಅವರ ನೆರಳಿದೆ. ಸಂಜೆಯ ಬಿಸಿಲು ಅವರ ಬೆನ್ನಿಗೆ ಇತ್ತು, ನೆರಳು ಹುಲ್ಲಿನ ಮೇಲೆ ಉದ್ದವಾಗಿ ಬಂದು ಅಮ್ಮನ ಚಪ್ಪಲಿ ಮುಟ್ಟಿದೆ.

"ನಮ್ಮ ಗಿರಾಕಿ ಇವರೇ ಚಿಕ್ಕಪ್ಪ. ಫೋಟೋದಲ್ಲಿ ಇಲ್ಲದವರು."

ನಾನು ನಲವತ್ತು ಸಾವಿರ ಕೊಟ್ಟೆ. ಲೆಕ್ಕ ಬರೆಯುವವನು ಹೀಗೆ ಕೊಡಬಾರದು, ಗೊತ್ತು.

ಯಾರ ನೆಲ?

ಕ್ಯಾಮೆರಾ ಯಾವುದು, ಲೆನ್ಸ್ ಎಂಥದ್ದು ಅಂತ ಹುಡುಗ ಒಂದು ತಿಂಗಳು ತಲೆ ಕೆಡಿಸಿಕೊಂಡ. ನಿಜವಾದ ತೊಡಕು ಇದ್ದದ್ದು ಕಂಬ ನೆಡುವ ಗುಂಡಿಯಲ್ಲಿ. ಚೆನ್ನಾಗಿ ಕಾಣುವ ಜಾಗ ಯಾವುದೂ ನಮ್ಮದಲ್ಲ.

ಅವನ ಪಟ್ಟಿಯಲ್ಲಿ ಮೊದಲು ಬೇಲೂರು ಇತ್ತು. 1117ರ ಚೆನ್ನಕೇಶವ ದೇವಸ್ಥಾನದ ಮುಂದೆ ದಿನಾ ಜನ, ಅದೂ 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ. ಆದರೆ ಅದು ರಕ್ಷಿತ ಸ್ಮಾರಕ. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದಾಗಿನಿಂದ ಸುತ್ತ 100 ಮೀಟರ್ ನಿಷೇಧಿತ ಜಾಗ, ಅದರಾಚೆಯ 200 ಮೀಟರ್‌ನಲ್ಲಿ ಏನು ಕಟ್ಟಬೇಕಿದ್ದರೂ ಅನುಮತಿ ಬೇಕು. 300 ಮೀಟರ್ ದೂರದಿಂದ ದೇವಸ್ಥಾನದ ಜೊತೆ ಫೋಟೋ ತೆಗೆಯುತ್ತೇನೆ ಅಂದರೆ ದೂರದರ್ಶಕ ಬೇಕಾಗುತ್ತದೆ. ಅಲ್ಲಿಗೆ ಬೇಲೂರು ಹೋಯಿತು.

ಆಮೇಲೆ ಶೆಟ್ಟಿಹಳ್ಳಿ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಮೇಲೇಳುವ ಇಗರ್ಜಿ. ಅಲ್ಲೇ ಪಕ್ಕ ಕಂಬ ನೆಡೋಣ, ವರ್ಷವಿಡೀ ನೀರು ಏರುವುದು ಇಳಿಯುವುದು ಎಲ್ಲ ಸಿಗುತ್ತದೆ ಅಂದ. "ಕಂಬವೂ ಮುಳುಗುತ್ತಲ್ಲೋ" ಅಂದೆ. ಸುಮ್ಮನಾದ.

ಗಿರಿಯ ಕಡೆ ಬಂದರೆ ಬೇರೆ ಕಥೆ. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1980ರ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ಒಂದು ಕ್ಯಾಮೆರಾ ಕಂಬಕ್ಕೆ ದೆಹಲಿಗೆ ಕಡತ ಹೋಗುವುದನ್ನು ಯೋಚಿಸಿ ನೋಡಿ. ಅರಣ್ಯವಲ್ಲದ ಸರ್ಕಾರಿ ಜಾಗದಲ್ಲಾದರೂ ಕೊಡಿ ಅಂತ ಒಂದು ಕಚೇರಿಗೆ ಅರ್ಜಿ ಬರೆದ. ಅರ್ಜಿ ಚೆನ್ನಾಗಿಯೇ ಇತ್ತು. 2011ರ ಅಕ್ಟೋಬರ್‌ನಿಂದ 2017ರ ನವೆಂಬರ್‌ವರೆಗೆ ಪ್ರಪಂಚದಲ್ಲಿ ಸೆಲ್ಫಿ ತೆಗೆಯಲು ಹೋಗಿ 259 ಜನ ಸತ್ತಿದ್ದಾರೆ, ಅದರಲ್ಲಿ ಭಾರತದವರೇ ಜಾಸ್ತಿ ಅಂತ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಅದನ್ನು ಹಾಕಿ, ಕಂಬ ಇದ್ದರೆ ಜನ ಅಂಚಿಗೆ ಹೋಗುವುದು ತಪ್ಪುತ್ತದೆ ಅಂತ ಬರೆದಿದ್ದ. ಮೂರು ಸಲ ಹೋಗಿ ಬಂದ. ನಾಲ್ಕನೇ ಸಲ ಅರ್ಜಿಯ ಪ್ರತಿ ಇನ್ನೊಂದು ಕೊಡಿ ಅಂದರು. ಅಲ್ಲಿಗೆ ಬಿಟ್ಟ.

ಕೊನೆಗೆ ಜಾಗ ಸಿಕ್ಕಿದ್ದು ಕೈಮರ ಅನ್ನುವ ಊರು ದಾಟಿ ಗಿರಿಯ ಕಡೆ ಹೋಗುವ ರಸ್ತೆಯಲ್ಲಿ. ಒಂದು ಕಾಫಿ ತೋಟದ ಅಂಚಿನಲ್ಲಿ ಚಿಕ್ಕ ಅಂಗಡಿ ಇದೆ. ಕಾಫಿ, ಬೋಂಡಾ, ಜೇನುತುಪ್ಪ, ಮನೆಯಲ್ಲಿ ಮಾಡಿದ ಚಾಕೊಲೇಟ್. ಅಂಗಡಿಯ ಪಕ್ಕ ನೆಲ ಸ್ವಲ್ಪ ಚಪ್ಪಟೆ. ಅಲ್ಲಿಂದ ಎದುರಿಗೆ ಗಿರಿಸಾಲು ಪೂರ್ತಿ ಕಾಣುತ್ತದೆ. ತೋಟದ ಮಾಲೀಕರು ನಮ್ಮ ಹಳೇ ಪರಿಚಯದವರು. ಬಾಡಿಗೆ ಬೇಡ, ಬಂದ ದುಡ್ಡಲ್ಲಿ ನೂರಕ್ಕೆ ಹತ್ತು ಕೊಡಿ ಅಂದರು. ಇದು ಶಿಖರ ಅಲ್ಲ, ವ್ಯೂ ಪಾಯಿಂಟ್ ಅಂತ ಯಾವ ಬೋರ್ಡಿನಲ್ಲೂ ಇಲ್ಲ. ಆದರೆ ಕಾಗದ ಪತ್ರ ಒಂದೇ ದಿನದಲ್ಲಿ ಮುಗಿಯಿತು. ನನ್ನ ಮಟ್ಟಿಗೆ ಅದೇ ದೊಡ್ಡ ವ್ಯೂ.

ಕಂಬ ನಿಂತ ಮೇಲೆ

2024ರ ಅಕ್ಟೋಬರ್ ಮಧ್ಯದಲ್ಲಿ ಕಂಬ ನಿಂತಿತು. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್, ಅದಕ್ಕೇ ಸೇರುವ 12.3 ಮೆಗಾಪಿಕ್ಸೆಲ್ ಕ್ಯಾಮೆರಾ, ಲೆನ್ಸ್, ನೀರು ಹೋಗದ ಡಬ್ಬಿ, ಎಲ್ಲ ಸೇರಿ 31,000. ಕಬ್ಬಿಣದ ಕಂಬ, ಕಾಂಕ್ರೀಟ್, ಸಿಡಿಲಿಗೆ ಅರ್ಥಿಂಗ್ 14,000. ಸೋಲಾರ್ ಪ್ಯಾನೆಲ್, ಬ್ಯಾಟರಿ 22,000. ರೌಟರ್, ಪುಟ್ಟ ಪರದೆ, ಗುಂಡಿ, ವೈರು 17,000. ಒಟ್ಟು 84,000.

ಮೊದಲ ವಾರದ ಫೋಟೋಗಳನ್ನು ನೋಡಿ ನಗು ಬಂತು. ಕಳ್ಳರ ಕೈಗೆ ಸಿಗದಿರಲಿ ಅಂತ ಕ್ಯಾಮೆರಾವನ್ನು ಎಂಟಡಿ ಎತ್ತರದಲ್ಲಿ ಕೂರಿಸಿದ್ದ. ಎಲ್ಲರೂ ಕುಳ್ಳಗೆ, ತಲೆ ದೊಡ್ಡದಾಗಿ, ಬ್ಯಾಂಕಿನ ಸಿಸಿ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು. ಐದಡಿಗೆ ಇಳಿಸಿದ. ಆಗ ಗುಡ್ಡವೂ ಎದ್ದು ನಿಂತಿತು, ಮನುಷ್ಯರೂ ಮನುಷ್ಯರಾದರು.

ಅಂಗಡಿಯಿಂದ ನೋಡಿದರೆ ಗಿರಿ ವಾಯವ್ಯಕ್ಕಿದೆ. ಬೆಳಗ್ಗೆ ಸೂರ್ಯ ಕ್ಯಾಮೆರಾದ ಬೆನ್ನಿಗೆ, ಫೋಟೋ ಚಿನ್ನದ ಹಾಗೆ ಬರುತ್ತದೆ. ಸಂಜೆ ಉಲ್ಟಾ. ಆಕಾಶ ಬೆಳ್ಳಗೆ, ಮುಖ ಇದ್ದಿಲು. ಬೇರೆ ಬೇರೆ ಬೆಳಕಿನಲ್ಲಿ ಮೂರು ಫೋಟೋ ತೆಗೆದು ಒಂದರ ಮೇಲೊಂದು ಸೇರಿಸುವ ಉಪಾಯ ಮಾಡಿದ. ಚೆನ್ನಾಗಿಯೇ ಬಂತು, ಕೈ ಬೀಸುತ್ತಿದ್ದ ಒಂದು ಮಗುವಿಗೆ ಮೂರು ಕೈ ಬರುವವರೆಗೆ. ಅದರ ಅಪ್ಪ ದುಡ್ಡು ವಾಪಸ್ ಕೇಳಲಿಲ್ಲ, ಇದೇ ಚೆನ್ನಾಗಿದೆ ಅಂದರಂತೆ. ಆದರೂ ಹುಡುಗ ಅದನ್ನು ತೆಗೆದು ಹಾಕಿ, ಒಂದು ಎಲ್‌ಇಡಿ ದೀಪದ ಫಲಕ ಕೂರಿಸಿದ.

ಮಂಜು ಕೊಟ್ಟ ಕಾಟ ಮಾತ್ರ ನಾವು ಎಣಿಸಿದ್ದಲ್ಲ. ಡಬ್ಬಿ ಐಪಿ66 ದರ್ಜೆಯದು. ಮೊದಲ 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ, ಎರಡನೇ 6 ಅಂದರೆ ಜೋರಾಗಿ ನೀರು ಹೊಡೆದರೂ ಹೋಗುವುದಿಲ್ಲ. ಹೊರಗಿನಿಂದ ಒಂದು ಹನಿಯೂ ಹೋಗಲಿಲ್ಲ, ನಿಜ. ಆದರೆ ಡಬ್ಬಿ ಮುಚ್ಚುವಾಗಲೇ ಒಳಗೆ ಮಲೆನಾಡಿನ ಗಾಳಿ ಇತ್ತಲ್ಲ. ರಾತ್ರಿ ಚಳಿಗೆ ಅದರ ತೇವವೇ ಗಾಜಿನ ಒಳಮೈಗೆ ಹನಿ ಕಟ್ಟಿತು. ಬೆಳಗ್ಗೆ ಏಳು ಗಂಟೆಗೆ, ಬೆಳಕು ಅತಿ ಚೆಂದ ಇರುವ ಹೊತ್ತಿಗೆ, ಕ್ಯಾಮೆರಾಗೆ ಕಣ್ಣಿನ ಪೊರೆ ಬಂದ ಹಾಗೆ. ಹೊರಗಿನಿಂದ ಎಷ್ಟು ಒರೆಸಿದರೂ ಅಷ್ಟೇ. ಡಬ್ಬಿಯ ತಳಕ್ಕೆ ಗಾಳಿ ಆಡುವ ಒಂದು ಸಣ್ಣ ವಾಲ್ವ್ ಹಾಕಿ, ಗಾಜಿನ ಹಿಂದೆ ಮೊಬೈಲ್ ಚಾರ್ಜರ್‌ನಷ್ಟು ಬಿಸಿಯಾಗುವ ಹೀಟರ್ ಇಟ್ಟ ಮೇಲೆ ಸರಿಹೋಯಿತು. ಜೊತೆಗೆ ಸಿಲಿಕಾ ಜೆಲ್ ಹರಳಿನ ಪೊಟ್ಟಣ. ಒಣಗಿದಾಗ ಕಿತ್ತಳೆ ಬಣ್ಣ, ತೇವ ಕುಡಿದಾಗ ಹಸಿರು. ಅಂಗಡಿಯ ಅಕ್ಕ ವಾರಕ್ಕೊಮ್ಮೆ ಅದನ್ನು ಒಂದು ಹಳೇ ತಗಡಿನ ತಟ್ಟೆಗೆ ಸುರಿದು ಒಲೆಯ ಮೇಲೆ ಇಡುತ್ತಾರೆ. ಹಸಿರು ಹೋಗಿ ಕಿತ್ತಳೆ ಬಂದ ಮೇಲೆ ತಣಿಸಿ ವಾಪಸ್. "ತಮ್ಮಾ, ನಿನ್ನ ಕ್ಯಾಮೆರಾಗೆ ಕಷಾಯ ಕೊಟ್ಟಾಯ್ತು" ಅಂತ ಫೋನ್ ಮಾಡುತ್ತಾರೆ.

ಅಕ್ಕ ಇಲ್ಲದೆ ನಡೆಯದು

ಯಾರೂ ಬೇಡ ಅಂತ ಶುರುವಾದ ವ್ಯಾಪಾರ ಇದು. ಮೊದಲ ತಿಂಗಳು ದುಡ್ಡು ಬಂತೋ ಇಲ್ಲವೋ ಅಂತ ಕಂಬಕ್ಕೆ ಗೊತ್ತಾಗುತ್ತಲೇ ಇರಲಿಲ್ಲ. ಸುಮ್ನೆ ಒಂದು ಯುಪಿಐ ಕ್ಯೂಆರ್ ಅಂಟಿಸಿದ್ದ. ದುಡ್ಡು ಬಿದ್ದರೆ ಅಂಗಡಿಯಲ್ಲಿದ್ದ ಸೌಂಡ್ ಬಾಕ್ಸ್ ಕೂಗುತ್ತಿತ್ತು, ಅಕ್ಕ ಬೋಂಡಾ ಹಿಟ್ಟಿನ ಕೈ ಒರೆಸಿಕೊಂಡು ಬಂದು ಗುಂಡಿ ಒತ್ತುತ್ತಿದ್ದರು. ಡಿಸೆಂಬರ್ ಹೊತ್ತಿಗೆ ಪೇಮೆಂಟ್ ಗೇಟ್‌ವೇ ಜೋಡಿಸಿ, ದುಡ್ಡು ಬಂದ ತಕ್ಷಣ ಕ್ಯಾಮೆರಾ ತಾನೇ ಎಣಿಸಲು ಶುರು ಮಾಡುವ ಹಾಗೆ ಮಾಡಿದ. ಪೂರ್ತಿ ಆಟೊಮ್ಯಾಟಿಕ್ ಆಯಿತು.

ಫೋಟೋ ಕೆಟ್ಟವು.

ಕಾರಣ ತಿಳಿಯಲು ಒಂದು ಭಾನುವಾರ ನಾನೂ ಹೋಗಿ ಕೂತೆ. ಜನ ಗುರುತಿನ ಮೇಲೆ ನಿಲ್ಲುತ್ತಾರೆ, ಪರದೆಯಲ್ಲಿ 3, 2, 1 ಬರುತ್ತದೆ. ಒಬ್ಬರು ಪರದೆ ನೋಡುತ್ತಾರೆ, ಒಬ್ಬರು ಲೆನ್ಸ್ ಎಲ್ಲಿದೆ ಅಂತ ಹುಡುಕುತ್ತಾರೆ, ಮಗು ಅಜ್ಜಿಯ ಸೆರಗಿನ ಹಿಂದೆ ಹೋಗುತ್ತದೆ. ಮುಂಚೆ ಅಕ್ಕ ಗುಂಡಿ ಒತ್ತುವ ಮೊದಲು "ಅಜ್ಜೀ, ಸ್ವಲ್ಪ ಈ ಕಡೆ ಬನ್ನಿ. ಅಣ್ಣಾ, ಪಾಪುನ ಎತ್ಕೊಳ್ಳಿ. ಹಲ್ಲು ತೋರಿಸಿ, ದುಡ್ಡೇನೂ ಜಾಸ್ತಿ ಆಗಲ್ಲ" ಅನ್ನುತ್ತಿದ್ದರು. ಆ ಕೊನೆಯ ಮಾತಿಗೆ ಎಂಥವರೂ ನಗುತ್ತಿದ್ದರು. ಕ್ಲಿಕ್ ಆಗುತ್ತಿದ್ದದ್ದು ಆ ನಗು.

ತಾನಾಗಿ ಫೋಟೋ ತೆಗೆಯುವ ಯಂತ್ರ ಹೊಸದೇನಲ್ಲ. 1925ರಲ್ಲಿ ಅನತೋಲ್ ಜೋಸೆಫೋ ಅನ್ನುವವರು ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ಫೋಟೋಮ್ಯಾಟನ್ ಅಂತ ಒಂದು ಪೆಟ್ಟಿಗೆ ಇಟ್ಟರು. 25 ಸೆಂಟ್ ಹಾಕಿದರೆ ಎಂಟು ಫೋಟೋ. ಜನ ಸಾಲುಗಟ್ಟಿ ನಿಂತರು, ಎರಡೇ ವರ್ಷದಲ್ಲಿ ಅದರ ಹಕ್ಕು 10 ಲಕ್ಷ ಡಾಲರ್‌ಗೆ ಮಾರಾಟವಾಯಿತು. ನನಗೆ ಇಷ್ಟವಾದ ಸಂಗತಿ ಬೇರೆ. ಆ ತಾನಾಗಿ ನಡೆಯುವ ಪೆಟ್ಟಿಗೆಯ ಪಕ್ಕವೂ ಬಿಳಿ ಕೈಗವಸು ಹಾಕಿದ ಒಬ್ಬ ಆಳು ನಿಂತು ಎತ್ತ ನೋಡಬೇಕು ಅಂತ ಹೇಳಿಕೊಡುತ್ತಿದ್ದ. ನೂರು ವರ್ಷ ಆದ ಮೇಲೆ ಕೈಮರದಾಚೆಯೂ ಅದೇ ಕಥೆ. ಕೈಗವಸಿನ ಬದಲು ಕಡಲೆಹಿಟ್ಟು.

ಅಕ್ಕನ ಮಾತನ್ನೇ ರೆಕಾರ್ಡ್ ಮಾಡಿ ಕಂಬದ ಸ್ಪೀಕರ್‌ನಲ್ಲಿ ಹಾಕಿದ. "ಕಪ್ಪು ಗಾಜು ನೋಡಿ. ಮಕ್ಕಳು ಮುಂದೆ. ಹಲ್ಲು ತೋರಿಸಿ, ದುಡ್ಡೇನೂ ಜಾಸ್ತಿ ಆಗಲ್ಲ." ಪರವಾಗಿಲ್ಲ ಅನ್ನುವಷ್ಟು ಸುಧಾರಿಸಿತು. ಕನ್ನಡ ಬಾರದವರೂ ಆ ದನಿಗೆ ನಗುತ್ತಾರೆ. ಫೋಟೋಗೆ ಐದು ರೂಪಾಯಿ ಅಕ್ಕನಿಗೆ ಅಂತ ಮೊದಲೇ ಮಾತಾಗಿತ್ತು. ದನಿ ಆಟೊಮ್ಯಾಟಿಕ್ ಆದ ಮೇಲೂ ಅದನ್ನು ನಿಲ್ಲಿಸಬೇಡ ಅಂದೆ. ನಿಲ್ಲಿಸಿಲ್ಲ.

ಗಿರಾಕಿ ಯಾರು ಅನ್ನುವ ವಿಷಯದಲ್ಲಿ ಹುಡುಗನ ಊಹೆ ಸರಿಯಿತ್ತು, ನನ್ನದು ತಪ್ಪಿತ್ತು. ನಾನು ಹೊಸದಾಗಿ ಮದುವೆಯಾದ ಜೋಡಿಗಳೇ ಬರುತ್ತಾರೆ ಅಂದುಕೊಂಡಿದ್ದೆ. ಅವರು ಬರಲಿಲ್ಲ. ಅವರಿಗೆ ಸಮಯ ಬೇಕಾದಷ್ಟಿದೆ, ದಾರಿಯಲ್ಲಿ ಹೋಗುವ ಯಾರನ್ನಾದರೂ ಕೇಳುತ್ತಾರೆ. ಕಾಲೇಜು ಹುಡುಗರಿಗಂತೂ ಬೇಡವೇ ಬೇಡ. ಅರ್ಧಕ್ಕಿಂತ ಜಾಸ್ತಿ ಬಂದದ್ದು ಅಜ್ಜ, ಅಜ್ಜಿ, ಮಕ್ಕಳನ್ನು ಕಟ್ಟಿಕೊಂಡು ಬಂದ ಕುಟುಂಬಗಳು. ಆಮೇಲೆ ಟಿಟಿ ಗಾಡಿಯಲ್ಲಿ ಬರುವ ಹದಿನೈದು ಮಂದಿಯ ಗುಂಪು. ಕ್ಯೂಆರ್ ಸ್ಕ್ಯಾನ್ ಮಾಡುವವನು ಸಾಮಾನ್ಯವಾಗಿ ಬೆಳಗ್ಗಿನಿಂದ ಎಲ್ಲರ ಫೋಟೋ ತೆಗೆದು ಸುಸ್ತಾದವನೇ. ಸ್ಕ್ಯಾನ್ ಮಾಡಿ ಓಡಿ ಹೋಗಿ ಸಾಲಿನ ಕೊನೆಗೆ ನಿಲ್ಲುತ್ತಾನೆ.

ಒಂದು ಫೋನ್ ಕರೆ

2025ರ ಫೆಬ್ರವರಿಯಲ್ಲಿ ಒಂದು ಸಂಜೆ ಹುಡುಗನಿಗೆ ಕರೆ ಬಂತು. ನಂಬರ್ ಕಂಬದ ಮೇಲೇ ಇದೆ, ಫೋಟೋ ಬರದಿದ್ದರೆ ಮಾಡಿ ಅಂತ. ಆ ಕಡೆಯವರು ಮರ್ಯಾದೆಯಿಂದಲೇ ಮಾತಾಡಿದರು. ಶನಿವಾರ ನಮ್ಮ ಮಗಳು ಆ ಕಡೆ ಬಂದಿದ್ದಳು, ಆವತ್ತಿನ ಫೋಟೋಗಳನ್ನೆಲ್ಲ ಒಮ್ಮೆ ಕಳಿಸಿ, ಯಾರ ಜೊತೆ ಬಂದಿದ್ದಳು ಅಂತ ನೋಡಬೇಕು. ಬೇಕಾದರೆ ದುಡ್ಡು ಕೊಡುತ್ತೇನೆ.

ಹುಡುಗ ಗಾಬರಿಯಾಗಿ ನನಗೆ ಫೋನ್ ಮಾಡಿದ. "ಏನು ಹೇಳಲಿ ಚಿಕ್ಕಪ್ಪ?"

"ಫೋಟೋ ಇದೆಯಾ?"

"ಎಲ್ಲ ಇದೆ. ಅಕ್ಟೋಬರ್‌ನಿಂದ ಒಂದೂ ಅಳಿಸಿಲ್ಲ."

ಅದು ಕೇಳಿ ನನಗೇ ಹೆದರಿಕೆ ಆಯಿತು. ಏಳುನೂರು ಚಿಲ್ಲರೆ ಫೋಟೋ. ದುಡ್ಡು ಕೊಟ್ಟವರು ಮಾತ್ರ ಅಲ್ಲ, ಅವರ ಹಿಂದೆ ಕಾಫಿ ಕುಡಿಯುತ್ತ ನಿಂತವರು, ಬೈಕ್ ನಿಲ್ಲಿಸಿದವರು, ಬೈಕಿನ ನಂಬರ್, ದಿನ, ಗಂಟೆ, ನಿಮಿಷ. ನಾವು ಗುಡ್ಡದ ಫೋಟೋ ತೆಗೆಯುತ್ತಿದ್ದೇವೆ ಅಂದುಕೊಂಡು ಹಾಜರಿ ಪುಸ್ತಕ ಬರೆಯುತ್ತಿದ್ದೆವು. ಆ ಮನುಷ್ಯ ನಿಜವಾಗಿ ಅಪ್ಪನೋ ಅಲ್ಲವೋ ಯಾರಿಗೆ ಗೊತ್ತು? ಅಪ್ಪನೇ ಆದರೂ ಕೊಡಬಹುದಾ?

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಒಪ್ಪಿಗೆ ತೆಗೆದುಕೊಳ್ಳಿ, ಯಾಕೆ ಅಂತ ಹೇಳಿ, ಕೆಲಸ ಮುಗಿದ ಮೇಲೆ ಅಳಿಸಿ ಅನ್ನುವುದು ಅದರ ತಿರುಳು. 18 ತುಂಬದವರ ವಿಷಯದಲ್ಲಿ ತಂದೆ ತಾಯಿಯ ಒಪ್ಪಿಗೆ ಬೇಕು. ಈ ಕರೆ ಬಂದಾಗ ನಿಯಮ ಇನ್ನೂ ಬಂದಿರಲಿಲ್ಲ. ಆದರೆ ನಿಯಮಕ್ಕೆ ಕಾಯುವ ವಿಷಯ ಅಲ್ಲ ಇದು, ಅಲ್ವಾ?

"ಬೇರೆಯವರ ಫೋಟೋ ಕೊಡಕ್ಕೆ ಆಗಲ್ಲ ಸರ್, ತೆಗೆಸಿಕೊಂಡವರಿಗೆ ಮಾತ್ರ" ಅಂತ ಹುಡುಗ ಹೇಳಿದ. ಆ ಕಡೆಯವರ ದನಿ ಬದಲಾಯಿತು. ಬಂದು ನೋಡಿಕೊಳ್ಳುತ್ತೇನೆ ಅಂದರು. ಬರಲಿಲ್ಲ. ಅವತ್ತು ರಾತ್ರಿಯೇ ಇಬ್ಬರೂ ಕೂತು ಹಳೆಯದನ್ನೆಲ್ಲ ಅಳಿಸಿದೆವು. ಈಗ ಫೋಟೋ ತೆಗೆದ 48 ಗಂಟೆಗೆ ತಾನಾಗಿ ಹೋಗುತ್ತದೆ. ಡೌನ್‌ಲೋಡ್ ಕೋಡ್ ದುಡ್ಡು ಕೊಟ್ಟವರ ಫೋನಿಗೆ ಮಾತ್ರ. ಪಕ್ಕದಲ್ಲಿ ಬೇಲಿ ಹಾಕಿ, ಅಂಗಡಿಯಲ್ಲಿ ಕೂತವರು ಚೌಕಟ್ಟಿಗೆ ಬೀಳದ ಹಾಗೆ ಮಾಡಿದ್ದೇವೆ. "ಇಲ್ಲಿ ಕ್ಯಾಮೆರಾ ಇದೆ, ದುಡ್ಡು ಹಾಕಿದಾಗ ಮಾತ್ರ ಫೋಟೋ ತೆಗೆಯುತ್ತದೆ, ಎರಡು ದಿನಕ್ಕೆ ಅಳಿಸುತ್ತೇವೆ" ಅಂತ ಬೋರ್ಡ್ ಇದೆ. 48 ಗಂಟೆ ಆದ ಮೇಲೆ "ಫೋಟೋ ಕಳೆದುಹೋಯ್ತು, ಮತ್ತೆ ಕಳಿಸಿ" ಅನ್ನುವವರು ತಿಂಗಳಿಗೆ ನಾಲ್ಕೈದು ಜನ ಸಿಗುತ್ತಾರೆ. ಬೈಸಿಕೊಳ್ಳುತ್ತೇವೆ.

ಲೆಕ್ಕ

ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ, ಒಂದು ವರ್ಷಕ್ಕೆ 1,040 ಫೋಟೋ. ಅದರಲ್ಲಿ ನವೆಂಬರ್, ಡಿಸೆಂಬರ್, ಜನವರಿ ಮೂರೇ ತಿಂಗಳಲ್ಲಿ 595. ಜೂನ್, ಜುಲೈ, ಆಗಸ್ಟ್ ಮೂರೂ ಸೇರಿ 24. ಜುಲೈನಲ್ಲಿ ನಾಲ್ಕು ಫೋಟೋ, ನಾಲ್ಕೂ ಬಿಳಿ ಗೋಡೆಯ ಮುಂದೆ ನಿಂತ ಹಾಗೆ.

ಬೆಲೆ 50 ರೂಪಾಯಿ. ಜಾಸ್ತಿಯಾಯ್ತು ಅಂತ ಎಲ್ಲರೂ ಹೇಳಿದರು. ಜನವರಿಯಲ್ಲಿ ಎರಡು ವಾರ 30ಕ್ಕೆ ಇಳಿಸಿ ನೋಡಿದೆವು. ಭಾನುವಾರ 11 ಹೋಗುತ್ತಿದ್ದದ್ದು 16 ಆಯಿತು. ಅಂದರೆ 550 ರೂಪಾಯಿ ಬರುತ್ತಿದ್ದ ಕಡೆ 480. ಬೇಕು ಅನ್ನುವವರು 50 ಕೊಡುತ್ತಾರೆ, ಬೇಡ ಅನ್ನುವವರು 30ಕ್ಕೂ ಬರುವುದಿಲ್ಲ. ಮತ್ತೆ 50 ಮಾಡಿದೆವು.

ವರ್ಷದ ಒಟ್ಟು 50,600. ಅಕ್ಕನ ಪಾಲು 5,200, ತೋಟದವರದ್ದು 5,060. ಇಂಟರ್ನೆಟ್, ಸರ್ವರ್ ಬಾಡಿಗೆ ತಿಂಗಳಿಗೆ 1,100ರಂತೆ 13,200. ಗೇಟ್‌ವೇಗೆ ಸುಮಾರು 1,000. ರಿಪೇರಿ 8,600, ಅದರಲ್ಲಿ ಅರ್ಧ ಮಂಗಗಳ ಖಾತೆಗೆ. ಸೋಲಾರ್ ಪ್ಯಾನೆಲ್‌ನ ವೈರು ಅವುಗಳಿಗೆ ಜೋಕಾಲಿ. ಕೈಯಲ್ಲಿ ಉಳಿದದ್ದು 17,500. ಹುಡುಗನ ಓಡಾಟ, ಪೆಟ್ರೋಲ್, ನಿದ್ದೆಗೆಟ್ಟ ರಾತ್ರಿಗಳಿಗೆ ಏನೂ ಹಾಕಿಲ್ಲ. ಹಾಕಿದ 84,000 ವಾಪಸ್ ಬರಲು ಹತ್ತಿರ ಹತ್ತಿರ ಐದು ವರ್ಷ. ಬ್ಯಾಟರಿ ಮೂರು ವರ್ಷ ಬಂದರೆ ಪುಣ್ಯ. ನನ್ನ ಕಕ್ಷಿದಾರರು ಯಾರಾದರೂ ಈ ಲೆಕ್ಕ ತಂದಿದ್ದರೆ ಮುಚ್ಚಿಬಿಡಿ ಅನ್ನುತ್ತಿದ್ದೆ.

ಬಿಳಿ ಚಿತ್ರದ ಬೆಲೆ

ಜುಲೈನಲ್ಲಿ ಮುಚ್ಚಿಯೇ ಬಿಡುವವನಿದ್ದ. ಫೋಟೋ ಇಲ್ಲ, ಮೋಡದಲ್ಲಿ ಸೋಲಾರ್ ಸರಿಯಾಗಿ ತುಂಬುತ್ತಿಲ್ಲ, ಸುಮ್ನೆ ಯಾಕೆ ಅಂತ. ಜೂನ್‌ನಿಂದ ಅವನಿಗೆ ಒಂದು ಅಭ್ಯಾಸ ಆಗಿತ್ತು. ಡಬ್ಬಿಯ ಗಾಜು ಸರಿ ಇದೆಯಾ ಅಂತ ನೋಡಲು ಬೆಳಗ್ಗೆ ಆರಕ್ಕೆ ಜನವಿಲ್ಲದ ಒಂದು ಫೋಟೋ ತರಿಸಿಕೊಳ್ಳುತ್ತಿದ್ದ. ಪರಿಚಯದ ಹೋಂಸ್ಟೇಯವರ ವಾಟ್ಸ್ಆ್ಯಪ್ ಗುಂಪಿಗೂ ಹಾಕುತ್ತಿದ್ದ, ತಮಾಷೆಗೆ. "ಇವತ್ತಿನ ಗಿರಿ" ಅಂತ. ಎಷ್ಟೋ ದಿನ ಬರೀ ಬಿಳಿ.

ಕಂಬ ಆಫ್ ಮಾಡಿದ ಮಾರನೇ ದಿನ ಆರೂ ಕಾಲಿಗೆ ಮೂರು ಫೋನ್. "ಏನಪ್ಪಾ, ಇವತ್ತು ಗಿರಿ ಬಂದಿಲ್ಲ?"

ಅವರಿಗೆ ಅದು ತಮಾಷೆ ಆಗಿರಲಿಲ್ಲ. ಗೆಸ್ಟ್‌ಗಳು ಎದ್ದ ಕೂಡಲೇ ಕೇಳುವ ಮೊದಲ ಪ್ರಶ್ನೆ, ಮೇಲೆ ಹೋದರೆ ಏನಾದರೂ ಕಾಣುತ್ತದಾ? ಊರಲ್ಲಿ ಬಿಸಿಲಿದ್ದರೂ ಮೇಲೆ ಮಂಜಿರಬಹುದು, ಊರಲ್ಲಿ ಮಳೆ ಇದ್ದರೂ ಗಿರಿ ತೊಳೆದಿಟ್ಟ ಹಾಗಿರಬಹುದು. ಜೀಪ್ ಮಾಡಿಕೊಂಡು ಹೋಗಿ ಏನೂ ಕಾಣದೆ ಬಂದರೆ ಗೆಸ್ಟ್ ಬೈಯುವುದು ಮೋಡವನ್ನಲ್ಲ, ಹೋಂಸ್ಟೇಯವರನ್ನು. ಈ ಚಿತ್ರ ಬಂದ ಮೇಲೆ ಅವರು ಫೋನ್ ತೋರಿಸಿ "ಇವತ್ತು ಬೆಳಗ್ಗೆ ಬೇಡ, ತೋಟ ಸುತ್ತಿ, ಮಧ್ಯಾಹ್ನ ನೋಡೋಣ" ಅನ್ನುತ್ತಿದ್ದರು. 2025ರ ಸೆಪ್ಟೆಂಬರ್‌ನಿಂದ ಗಿರಿಗೆ ಹೋಗುವ ಗಾಡಿಗಳಿಗೆ ಆನ್‌ಲೈನ್ ನೋಂದಣಿ ಬಂತು, ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಆಗಂತೂ ಯಾವ ಪಾಳಿ ಹಿಡಿಯಬೇಕು ಅನ್ನುವುದೇ ದೊಡ್ಡ ಪ್ರಶ್ನೆ ಆಯಿತು.

ಪ್ರಪಂಚದ ಮೊದಲ ವೆಬ್‌ಕ್ಯಾಮ್ ನೋಡಿದ್ದು ಏನನ್ನು ಗೊತ್ತಾ? ಕಾಫಿಯನ್ನು. 1991ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು, ಟ್ರೋಜನ್ ರೂಮ್ ಅನ್ನುವ ಕೋಣೆಯ ಪಕ್ಕದಲ್ಲಿದ್ದ ಕಾಫಿ ಪಾತ್ರೆಗೆ ಒಂದು ಕ್ಯಾಮೆರಾ ತಿರುಗಿಸಿಟ್ಟರು. ಬೇರೆ ಮಹಡಿಯವರು ಮೆಟ್ಟಿಲು ಹತ್ತಿಳಿದು ಬಂದರೆ ಪಾತ್ರೆ ಖಾಲಿ ಇರುತ್ತಿತ್ತು. ಅದು ತಪ್ಪಲಿ ಅಂತ. 128ಕ್ಕೆ 128 ಚುಕ್ಕಿಯ ಕಪ್ಪು ಬಿಳುಪು ಚಿತ್ರ, ನಿಮಿಷಕ್ಕೆ ಮೂರು. 1993ರಲ್ಲಿ ಅದು ಇಂಟರ್ನೆಟ್‌ಗೆ ಬಂತು, 2001ರಲ್ಲಿ ನಿಂತಿತು. ಯೆಮೆನ್‌ನಿಂದ ಬಾಬಾ ಬುಡನ್ ತಂದರು ಅನ್ನುವ ಏಳು ಕಾಫಿ ಬೀಜ ಬಿದ್ದ ಬೆಟ್ಟಕ್ಕೂ ಈಗ ಅದೇ ಸಮಾಚಾರ ಬಂದು ತಲುಪಿದೆ. ಸುಮ್ನೆ ಹತ್ತಿ ಹೋಗಿ ಖಾಲಿ ಪಾತ್ರೆ ನೋಡುವುದು ಬೇಡ.

ಆ ಕಾಫಿ ಪಾತ್ರೆಯ ಚಿತ್ರ ಅಷ್ಟು ಚಿಕ್ಕದಿದ್ದರೂ ಸಾಕಾಗಿತ್ತು ಅನ್ನುವುದನ್ನು ಹುಡುಗ ಹಿಡಿದುಕೊಂಡ. ಹೋಂಸ್ಟೇಗೆ ಹೋಗುವ ಚಿತ್ರವನ್ನು ಅಂಚೆ ಕಾರ್ಡಿನಷ್ಟು ಮಾಡಿ, ಕೆಳಗಿನ ಅರ್ಧ ಕತ್ತರಿಸಿ ಹಾಕಿದ. ನೆಲ ಇಲ್ಲ, ಮನುಷ್ಯರಿಲ್ಲ, ಗಾಡಿ ಇಲ್ಲ. ಗಿರಿ, ಆಕಾಶ, ಮೋಡ. ಬೆಳಗ್ಗೆ ಐದೂವರೆಯಿಂದ ಸಂಜೆ ಆರೂವರೆವರೆಗೆ ಹತ್ತು ನಿಮಿಷಕ್ಕೊಂದು. ಬೋರ್ಡಿನಲ್ಲಿ ಒಂದು ಸಾಲು ಸೇರಿಸಿದೆವು. ಈಗ ಯಾರಾದರೂ ಫೋನ್ ಮಾಡಿ ಮಗಳನ್ನು ಹುಡುಕಿದರೆ ಸಿಗುವುದು ಮೋಡ ಮಾತ್ರ.

ಆಗಸ್ಟ್‌ನಲ್ಲಿ ತಿಂಗಳಿಗೆ 300 ಅಂತ ಬೆಲೆ ಇಟ್ಟ. ಪುಕ್ಕಟೆ ಇದ್ದಾಗ ಇಪ್ಪತ್ತೆರಡು ಮಂದಿ ನೋಡುತ್ತಿದ್ದರು, ದುಡ್ಡು ಅಂದ ತಕ್ಷಣ ಒಂಬತ್ತು ಉಳಿದರು. ಈಗ ಹದಿನಾಲ್ಕು. ತಿಂಗಳಿಗೆ 4,200, ಮಳೆಗಾಲದಲ್ಲೂ ನಿಲ್ಲದ ದುಡ್ಡು. ವರ್ಷಕ್ಕೆ ಲೆಕ್ಕ ಹಾಕಿದರೆ 50,400. ಸಾವಿರ ಚಿಲ್ಲರೆ ಜನ ನಿಂತು ನಕ್ಕು ಕೊಟ್ಟ ದುಡ್ಡಿಗಿಂತ 200 ಕಡಿಮೆ.

ಚಂದಾದಾರರಲ್ಲಿ ಒಬ್ಬರು ಇದ್ದಾರೆ, ಅವರ ಲೆಕ್ಕವೇ ಬೇರೆ. ಗಿರಿ ಸ್ಪಷ್ಟವಾಗಿ ಕಂಡ ದಿನ ಅವರಿಗೆ ಬೇಜಾರು. "ಬೆಂಗಳೂರಿನವರಿಗೆ ಬಿಸಿಲು ಅಲ್ಲೇ ಸಿಗುತ್ತಲ್ಲ ಮಾರಾಯ. ಅವರು ಕೇಳೋದೇ ಮಂಜು. ಬಿಳಿ ಇದ್ದರೆ ಮೊದಲು ನಂಗೆ ಕಳ್ಸು" ಅನ್ನುತ್ತಾರೆ. ಜುಲೈನ ಆ ನಾಲ್ಕು ಬಿಳಿ ಫೋಟೋದವರೂ ಹಾಗೇ ಇದ್ದಿರಬಹುದು, ಪಾಪ. ನಾವು ಸೋತೆವು ಅಂದುಕೊಂಡೆವು, ಅವರು ಖುಷಿಯಾಗಿ ಹೋದರು.

ಈಗ ಮೂಡಿಗೆರೆ ಕಡೆಯವರೊಬ್ಬರು ದೇವರಮನೆ ಹತ್ತಿರದ ತಮ್ಮ ಜಾಗದಲ್ಲೂ ಒಂದು ಕಂಬ ಬೇಕು ಅನ್ನುತ್ತಿದ್ದಾರೆ. ಬರೀ ನೋಟಕ್ಕೆ. ಪರದೆ ಬೇಡ, ಗುಂಡಿ ಬೇಡ, ಕ್ಯೂಆರ್ ಬೇಡ. ಖರ್ಚು 40,000 ದಾಟುವುದಿಲ್ಲ. ಲೆಕ್ಕದ ಪ್ರಕಾರ ಅದೇ ಸರಿ. ಮೊದಲ ಕಂಬದಿಂದಲೂ ಫೋಟೋದ ಭಾಗ ಕಿತ್ತುಬಿಟ್ಟರೆ ರಿಪೇರಿ ಅರ್ಧ ಇಳಿಯುತ್ತದೆ ಅಂತ ನಾನೇ ಕಾಗದದ ಮೇಲೆ ಬರೆದು ತೋರಿಸಿದೆ. ಹುಡುಗ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ, ಹೂಂ ಅನ್ನಲಿಲ್ಲ.

ಹೋದ ವಾರ ಅಂಗಡಿಗೆ ಹೋಗಿದ್ದೆ. ಜನ ತುಳಿದು ತುಳಿದು ನೆಲದ ಪಾದದ ಗುರುತು ಮಾಸಿತ್ತು. ಅಕ್ಕ ಅಂಗಡಿಯ ಜಗುಲಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ತಂದು ತಾವೇ ಹೊಸದಾಗಿ ಬಳಿದಿದ್ದರು. ದೊಡ್ಡ ಪಾದಗಳ ಮುಂದೆ, ಅಂಗೈಯಷ್ಟು ಜಾಗ ಬಿಟ್ಟು, ಒಂದು ಜೊತೆ ಚಿಕ್ಕ ಪಾದ. "ಮಕ್ಕಳು ಮುಂದೆ ಅಂತ ಎಷ್ಟು ಕೂಗಿದ್ರೂ ಹಿಂದೆ ಹೋಗ್ತಾವೆ. ನೋಡಿ ಇವ್ರೇ, ಈಗ ತಾವಾಗೇ ಬಂದು ನಿಲ್ತಾವೆ" ಅಂದರು. ಬಣ್ಣ ಇನ್ನೂ ಹಸಿ ಇತ್ತು, ಸುತ್ತ ನಾಲ್ಕು ಕಲ್ಲಿಟ್ಟಿದ್ದರು.